ಸತ್ತ ಗೆಳೆಯನ ಜೊತೆ ಮಾತಾಡಿದ ಅಧಿಕಾರಿ: 1917ರ ಒಂದು ಪ್ರಕರಣ

ಹಗಲೆಲ್ಲ ಅವನಿಗೆ ರಾತ್ರಿಯದೇ ಯೋಚನೆ. ಮತ್ತೆ ಮಲಗಬೇಕಲ್ಲ ಅನ್ನೋ ಭಯ. ಕಣ್ಣು ಮುಚ್ಚಿದರೆ ಗೆಳೆಯ ಬರುತ್ತಾನೆ. ಒಮ್ಮೊಮ್ಮೆ ರಣರಂಗದಲ್ಲಿ ಕಂಡ ಹಾಗೇ, ಛಿದ್ರವಾಗಿ. ಒಮ್ಮೊಮ್ಮೆ ಅದಕ್ಕಿಂತ ಘೋರವಾಗಿ, ಕುಷ್ಠ ತಿಂದುಹಾಕಿದ ಮುಖ, ಕುಷ್ಠ ತಿಂದುಹಾಕಿದ ಕೈಕಾಲು. ಬಂದವನು ದೂರ ನಿಲ್ಲುವುದಿಲ್ಲ. ಹತ್ತಿರ ಬರುತ್ತಾನೆ. ಇನ್ನೂ ಹತ್ತಿರ. ಅಷ್ಟರಲ್ಲಿ ಥಟ್ಟನೆ ಎಚ್ಚರವಾಗುತ್ತದೆ. ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿರುತ್ತದೆ.

ಇವನು ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನೆಯ ಒಬ್ಬ ಅಧಿಕಾರಿ. ಹೆಸರನ್ನು ವೈದ್ಯರು ಬರೆದಿಲ್ಲ. ಆ ವೈದ್ಯರು ಡಬ್ಲ್ಯು.ಎಚ್.ಆರ್. ರಿವರ್ಸ್. ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಪಕ್ಕದ ಕ್ರೇಗ್‌ಲಾಕ್‌ಹಾರ್ಟ್ ಯುದ್ಧ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. 1917ರ ಡಿಸೆಂಬರ್ 4ರಂದು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಅವರು ಒಂದು ಲೇಖನ ಓದಿದರು. 1918ರ ಫೆಬ್ರವರಿ 2ರ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಯುದ್ಧದ ನೆನಪನ್ನು ಅದುಮಿಟ್ಟರೆ ಏನಾಗುತ್ತದೆ ಅನ್ನುವುದು ಅದರ ವಿಷಯ. ನಮ್ಮ ಈ ಅಧಿಕಾರಿಯ ಪ್ರಕರಣ ಅದರಲ್ಲಿ ಕೆಲವೇ ಪ್ಯಾರಾ. ಎಷ್ಟು ಸಲ ಓದಿದ್ದೇನೋ ನನಗೇ ಗೊತ್ತಿಲ್ಲ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತೇನೆ. ಕನಸಿನಲ್ಲಿ ಒಂದು ಬೆಲ್ಟು ಬಿಚ್ಚುವ ಜಾಗದಲ್ಲಿ. ಅಲ್ಲಿಗೆ ಆಮೇಲೆ ಬರೋಣ.

ಏನಾಗಿತ್ತು

ಮೊದಲು ಒಂದು ಶೆಲ್ ಸಿಡಿದು ಅವನು ಮಣ್ಣಿನಡಿ ಹೂತುಹೋಗಿದ್ದ. ಹೊರಗೆ ಬಂದ ಮೇಲೆ ಮಿದುಳಿಗೆ ಪೆಟ್ಟು ಬಿದ್ದ ಲಕ್ಷಣಗಳು ಕಾಣಿಸಿಕೊಂಡವು. ವಿಪರೀತ ತಲೆನೋವು, ವಾಂತಿ, ಮೂತ್ರದ ತೊಂದರೆ. ಇಷ್ಟಿದ್ದರೂ ಎರಡು ತಿಂಗಳಿಗೂ ಜಾಸ್ತಿ ಡ್ಯೂಟಿ ಬಿಡಲಿಲ್ಲ.

ಆಮೇಲೆ ಒಂದು ದಿನ ಜೊತೆಗಾರ ಅಧಿಕಾರಿಯೊಬ್ಬ ಕಾಣೆಯಾದ. ಇವನೇ ಹುಡುಕಿಕೊಂಡು ಹೋದ. ಎರಡೂ ಸೇನೆಗಳ ಕಂದಕಗಳ ನಡುವಿನ, ಯಾರಿಗೂ ಸೇರದ ನೆಲದಲ್ಲಿ ಗೆಳೆಯ ಸಿಕ್ಕ. ಮುಂಡ ಒಂದು ಕಡೆ ಬಿದ್ದಿತ್ತು. ತಲೆ, ಕೈಕಾಲು ಬೇರೆಬೇರೆಯಾಗಿ ಬಿದ್ದಿದ್ದವು. ಅಲ್ಲಿಂದ ವಾಪಸ್ ಬಂದವನು ಪೂರ್ತಿ ಕುಸಿದ.

ಇದನ್ನು ಸ್ವಲ್ಪ ಗಮನಿಸಬೇಕು. ಮಣ್ಣಿನಡಿ ಹೂತಾಗ ಅವನು ಕುಸಿಯಲಿಲ್ಲ. ತಲೆ ಸಿಡಿಯುತ್ತಿದ್ದಾಗಲೂ ಕುಸಿಯಲಿಲ್ಲ. ಯುದ್ಧದಲ್ಲಿ ಹೀಗೆ ಕುಸಿದವರ ಕಾಯಿಲೆಗೆ 'ಶೆಲ್ ಶಾಕ್' ಅನ್ನೋ ಹೆಸರು 1915ರಲ್ಲಿ ಇದೇ ಲ್ಯಾನ್ಸೆಟ್‌ನಲ್ಲಿ ಮೊದಲು ಅಚ್ಚಾದಾಗ, ಶೆಲ್ಲಿನ ಹೊಡೆತಕ್ಕೆ ನರಗಳು ಅದುರಿ ಹೀಗಾಗುತ್ತದೆ ಅಂತ ಬಹಳ ಜನ ನಂಬಿದ್ದರು. ಇವನಿಗೆ ಆ ಹೊಡೆತವೂ ಬಿದ್ದಿತ್ತು, ನಿಜ. ಆದರೆ ಅವನನ್ನು ಕೆಡವಿದ್ದು ಗೆಳೆಯನನ್ನು ಹುಡುಕಿ ಹೋದ ಆ ದಿನ.

ಕುರುಕ್ಷೇತ್ರದ ಕಥೆ ಕೇಳಿ ಬೆಳೆದ ನಮಗೆ ಈ ದೃಶ್ಯ ಪೂರ್ತಿ ಹೊಸದಲ್ಲ. ಹದಿನೆಂಟು ದಿನದ ಯುದ್ಧ ಮುಗಿದ ಮೇಲೆ ಒಂದಿಡೀ ಪರ್ವ ಅಳುವುದಕ್ಕೇ ಮೀಸಲು. ಸ್ತ್ರೀಪರ್ವ. ಹೆಂಗಸರು ರಣರಂಗಕ್ಕೆ ಬಂದು ತಮ್ಮ ತಮ್ಮವರನ್ನು ಹುಡುಕುತ್ತಾರೆ. ಬಿದ್ದಿರುವ ತಲೆಯನ್ನು ಎತ್ತಿ ಒಂದು ಮುಂಡಕ್ಕೆ ಕೂಡಿಸಿ ನೋಡುತ್ತಾರೆ. ಇದು ಅವನದಲ್ಲ, ಅದು ಬೇರೆ ಯಾರದೋ ಅಂತ ಗೊತ್ತಾಗಿ ಗೋಳಿಡುತ್ತಾರೆ. ಸಮಾಧಾನ ಹೇಳುವವರಿದ್ದರೂ ಆ ಹೆಂಗಸರು ಬಾಯಿ ಮುಚ್ಚಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿಕೊಂಡೇ ಅತ್ತರು. ನಮ್ಮ ಅಧಿಕಾರಿಗೆ ಸಿಕ್ಕಿದ್ದು ಬೇರೆ ಉಪದೇಶ.

'ಮರೆತುಬಿಡು'

ಯುದ್ಧದ ಯೋಚನೆಯನ್ನೇ ಮನಸ್ಸಿಗೆ ತರಬೇಡ. ಇದು ಅವನಿಗೆ ಸಿಕ್ಕ ಸಲಹೆ. ಅವನೊಬ್ಬನಿಗೇ ಅಲ್ಲ, ಆ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ. ವೈದ್ಯರೂ ಅದನ್ನೇ ಹೇಳುತ್ತಿದ್ದರು, ಮನೆಯವರೂ ಅದನ್ನೇ ಹೇಳುತ್ತಿದ್ದರು. ರಿವರ್ಸ್ ಅದೇ ಲೇಖನದಲ್ಲಿ ಇನ್ನೊಬ್ಬ ಎಳೆಯ ಅಧಿಕಾರಿಯ ವಿಷಯ ಬರೆದಿದ್ದಾರೆ. ದೀಪ ಆರಿಸಿದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ, ಕತ್ತಲಲ್ಲಿ ಸಣ್ಣ ಸದ್ದಿಗೂ ಕಿವಿ ನಿಮಿರುತ್ತಿತ್ತು. ಹಗಲು ಒಂದು ಗಂಟೆ ಸುಮ್ನೆ ಕೂರದೆ ಏನಾದರೂ ಕೆಲಸ ಹಚ್ಚಿಕೊಂಡು ನೆನಪುಗಳನ್ನು ತಡೆದಿಡುತ್ತಿದ್ದ. ಹಾಸಿಗೆಗೆ ಹೋದ ತಕ್ಷಣ ಅವೆಲ್ಲ ಒಟ್ಟಿಗೆ ಮುಗಿಬೀಳುತ್ತಿದ್ದವು. ಅವನನ್ನು ರಿವರ್ಸ್ ನೇರವಾಗಿ ಕೇಳಿದರು: ಇವನ್ನೆಲ್ಲ ಮರೆಯೋಕೆ ಆಗುತ್ತೆ ಅಂತ ನಿನಗೇ ಅನ್ನಿಸುತ್ತಾ? ಆಗಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೆ ಮರೆಯುವುದು ನಿನ್ನ ಕರ್ತವ್ಯ ಅಂತ ಎಲ್ಲರೂ ಹೇಳಿದ್ದರಲ್ಲ, ಅದಕ್ಕೇ ಒದ್ದಾಡುತ್ತಿದ್ದ. ನೆನಪುಗಳನ್ನು ಓಡಿಸಬೇಡ, ಜೊತೆಯಲ್ಲಿ ಇಟ್ಟುಕೊಂಡು ಬಾಳೋದು ಹೇಗೆ ಅಂತ ನೋಡು ಅಂತ ರಿವರ್ಸ್ ಹೇಳಿದ ಆ ರಾತ್ರಿ, ಐದು ತಿಂಗಳಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಅವನು ನಿದ್ದೆ ಮಾಡಿದ.

ಸಾವಿನ ಮನೆಗೆ ಹೋದಾಗ ನಾವು ಆಡುವ ಮಾತುಗಳನ್ನು ನೆನೆಸಿಕೊಳ್ಳಿ. ಧೈರ್ಯ ತಂದುಕೋ. ಆದದ್ದಾಯ್ತು, ಅದನ್ನೇ ಯೋಚನೆ ಮಾಡಿಕೊಂಡು ಕೂರಬೇಡ. ಮಕ್ಕಳ ಮುಖ ನೋಡು. ಮನಸ್ಸನ್ನು ಬೇರೆ ಕಡೆ ಹಾಕು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಹೆಚ್ಚಿನ ಸಲ ಆ ಮಾತು ಬರುವುದು ಎದುರಿನವರು ಆ ದಿನ ಏನಾಯ್ತು ಅಂತ ಹೇಳಲು ಶುರು ಮಾಡಿದಾಗ. ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋದೆವು, ಡಾಕ್ಟರ್ ಏನಂದರು, ಕೊನೆಗೆ ಏನು ಮಾತಾಡಿದರು. ಎರಡನೇ ಸಲ, ಮೂರನೇ ಸಲ ಅದೇ ಕಥೆ ಬಂದಾಗ ಕೇಳುವವರಿಗೆ ತಡೆಯೋಕೆ ಆಗುವುದಿಲ್ಲ. ಆಗ 'ಹೋಗ್ಲಿ ಬಿಡಿ' ಅನ್ನುತ್ತೇವೆ. ನಾನೂ ಅಂದಿದ್ದೇನೆ. ಆ ಮಾತು ಬಿದ್ದ ಮೇಲೆ ಎದುರಿನವರು ಸುಮ್ಮನಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸೇನೆಯಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಹೆದರಿಕೆಯನ್ನು ಬಾಯಿಬಿಟ್ಟು ಹೇಳುವುದೇ ಅವಮಾನ. ಹೆದರಿ ಓಡಿದ, ಹೇಡಿತನ ತೋರಿಸಿದ ಅಂತ ಆ ಯುದ್ಧದಲ್ಲಿ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ನಿಲ್ಲಿಸಿ ಗುಂಡು ಹೊಡೆಸಿತು. ಅಂಥ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಇಂಥ ಕಡೆ ಒಬ್ಬ ಅಧಿಕಾರಿ 'ನನಗೆ ರಾತ್ರಿ ಭಯವಾಗುತ್ತೆ' ಅಂತ ಯಾರ ಹತ್ತಿರ ಹೇಳಬೇಕು?

ಕೇಳಿಸಿಕೊಂಡವರು

ರಿವರ್ಸ್ ಆಗ ಐವತ್ತು ದಾಟಿದವರು. ಹುಟ್ಟಿದ್ದು 1864ರಲ್ಲಿ. ಅವರಿಗೇ ಉಗ್ಗು ಇತ್ತು. ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಹೇಗಿರುತ್ತದೆ ಅನ್ನುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವರು ಬರೀ ವೈದ್ಯರಲ್ಲ. ಊರೂರು ಸುತ್ತಿ ಜನರ ಜೊತೆ ಕೂತು, ಅವರ ನಂಟು, ಮದುವೆ, ಸಾವು ಎಲ್ಲವನ್ನೂ ಕೇಳಿ ಬರೆದುಕೊಂಡವರು. 1901-02ರಲ್ಲಿ ನಮ್ಮ ಪಕ್ಕದ ನೀಲಗಿರಿಗೆ ಬಂದಿದ್ದರು. ಬಂಡೀಪುರ ದಾಟಿ ಊಟಿಗೆ ಹತ್ತುತ್ತೇವಲ್ಲ, ಅದೇ ನೀಲಗಿರಿ. ಅಲ್ಲಿನ ಬುಡಕಟ್ಟು ಜನರಾದ ತೋಡರ ಜೊತೆ ತಿಂಗಳುಗಟ್ಟಲೆ ಕೂತು ಕೇಳಿ, 1906ರಲ್ಲಿ ಅವರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ತೋಡರ ಸಾವಿನ ವಿಧಿಗಳ ವಿವರ ಬಹಳ ಇದೆ. ತೋಡರು ಒಂದೇ ಸಾವಿಗೆ ಎರಡು ಸಲ ಸಂಸ್ಕಾರ ಮಾಡುತ್ತಿದ್ದರು. ಮೊದಲನೆಯದು ಹಸಿ, ಎರಡನೆಯದು ಒಣ. ದೇಹ ಸುಟ್ಟ ಮೇಲೆ ಒಂದು ಹಿಡಿ ಕೂದಲು, ತಲೆಬುರುಡೆಯ ಒಂದು ಚೂರು ತೆಗೆದಿಟ್ಟು, ದಿನ ಕಳೆದ ಮೇಲೆ ಮತ್ತೆ ಎಲ್ಲರೂ ಸೇರಿ ಎರಡನೇ ಸಲ ಅಳುತ್ತಿದ್ದರು. ಅಳುವ ರೀತಿಯೂ ಬೇರೆ. ಇಬ್ಬಿಬ್ಬರು ಎದುರುಬದುರು ಕೂತು, ಹಣೆಗೆ ಹಣೆ ಒತ್ತಿಕೊಂಡು ಅಳುವುದು.

ರಿವರ್ಸ್ ತಮ್ಮ ಚಿಕಿತ್ಸೆಯನ್ನು ತೋಡರಿಂದ ಕಲಿತರು ಅಂತ ನಾನು ಹೇಳುತ್ತಿಲ್ಲ. ಆದರೆ ಹಣೆಗೆ ಹಣೆ ಕೊಟ್ಟು ಅಳುವವರನ್ನು ಹತ್ತಿರದಿಂದ ನೋಡಿದ ಮನುಷ್ಯ, ಹದಿನೈದು ವರ್ಷದ ಮೇಲೆ ಕ್ರೇಗ್‌ಲಾಕ್‌ಹಾರ್ಟ್‌ನ ಒಂದು ಕೋಣೆಯಲ್ಲಿ ನಿದ್ದೆಗೆಟ್ಟ ಹುಡುಗರ ಎದುರು ಕೂತಿದ್ದ ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ ಕಟ್ಟಡ ಮೊದಲು ಉಳ್ಳವರು ನೀರಿನ ಚಿಕಿತ್ಸೆಗೆ ಬಂದು ತಂಗುತ್ತಿದ್ದ ದೊಡ್ಡ ಹೋಟೆಲು. 1916ರಲ್ಲಿ ಅದನ್ನು ಅಧಿಕಾರಿಗಳ ಆಸ್ಪತ್ರೆ ಮಾಡಿದರು. ಕವಿಗಳಾದ ಸಿಗ್‌ಫ್ರಿಡ್ ಸಸೂನ್, ವಿಲ್ಫ್ರೆಡ್ ಓವನ್ 1917ರಲ್ಲಿ ಅಲ್ಲೇ ಇದ್ದರು. ಅವರಿಂದಾಗಿ ಆ ಆಸ್ಪತ್ರೆಯ ಹೆಸರು ಉಳಿದಿದೆ. ಹೆಸರಿಲ್ಲದ ನಮ್ಮ ಅಧಿಕಾರಿಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಒಂದು ಮಾತು

ಕಥೆಯನ್ನು ಕೇಳಿದ ಮೇಲೆ ರಿವರ್ಸ್‌ಗೆ ಒಂದು ಕಷ್ಟ ಎದುರಾಯಿತು. ಮರೆಯಬೇಡ, ನೆನೆಸಿಕೋ ಅಂತ ಹೇಳುವುದು ಸುಲಭ. ನೆನೆಸಿಕೊಳ್ಳಲು ಇರುವುದು ಚೂರುಚೂರಾದ ಒಂದು ದೇಹ. ಅದನ್ನೇ ಕಣ್ಣೆದುರು ಇಟ್ಟುಕೊಂಡು ಬಾಳು ಅಂದರೆ ಹೇಗೆ? ಅದರಲ್ಲಿ ಎಲ್ಲಾದರೂ ಕೈ ಊರುವಷ್ಟು ಜಾಗ ಬೇಕಲ್ಲ.

ಆ ಜಾಗ ಅವರಿಗೆ ಆ ದೃಶ್ಯದಲ್ಲೇ ಸಿಕ್ಕಿತು. ಅವರು ಹೇಳಿದ್ದು ಇಷ್ಟು: ನಿನ್ನ ಗೆಳೆಯನ ದೇಹ ಆ ಸ್ಥಿತಿಯಲ್ಲಿ ಇತ್ತು ಅಂದರೆ, ಅವನು ಆ ಕ್ಷಣದಲ್ಲೇ ಸತ್ತಿದ್ದಾನೆ. ಮಾರಕ ಗಾಯವಾದ ಎಷ್ಟೋ ಜನ ಗಂಟೆಗಟ್ಟಲೆ, ದಿನಗಟ್ಟಲೆ ನರಳಿ ಸಾಯುತ್ತಾರೆ. ಅವನು ನರಳಲಿಲ್ಲ.

ಕೇಳಿದ ತಕ್ಷಣ ಅವನ ಮುಖ ಅರಳಿತು. ಈ ಬಗೆಯಲ್ಲಿ ತಾನು ಯೋಚನೆಯನ್ನೇ ಮಾಡಿರಲಿಲ್ಲ ಅಂದ. ಇನ್ನು ಮೇಲೆ ಆ ನೆನಪನ್ನು ಓಡಿಸುವುದಿಲ್ಲ, ನೆನೆಸಿಕೊಳ್ಳುತ್ತೇನೆ, ಗೆಳೆಯ ನೋವು ತಿನ್ನಲಿಲ್ಲ ಅನ್ನುವುದನ್ನು ಜೊತೆಗಿಟ್ಟುಕೊಂಡೇ ನೆನೆಸಿಕೊಳ್ಳುತ್ತೇನೆ ಅಂದ.

'ನರಳಲಿಲ್ಲವಲ್ಲ, ಅದೇ ಪುಣ್ಯ.' ನಮ್ಮ ಕಡೆ ಪ್ರತಿ ಸಾವಿನ ಮನೆಯಲ್ಲೂ ಇದನ್ನು ಹೇಳುತ್ತಾರೆ, ಅಲ್ವಾ? ಹಾಸಿಗೆ ಹಿಡಿಯಲಿಲ್ಲ. ಕೂತ ಹಾಗೇ ಹೋದರು. ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಕೇಳಿ ಕೇಳಿ ಸವೆದುಹೋದ ಮಾತು. ಬ್ರಿಟಿಷ್ ಸೇನೆಯಲ್ಲೂ ಆ ಮಾತು ಸವೆದಿತ್ತು. ತನ್ನ ಕೈಕೆಳಗಿನ ಸೈನಿಕ ಸತ್ತರೆ ಅವನ ತಾಯಿಗೋ ಹೆಂಡತಿಗೋ ಪತ್ರ ಬರೆಯುವುದು ಅಧಿಕಾರಿಯ ಕೆಲಸ. ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಾಲು ಇದೇ: ತಕ್ಷಣ ಪ್ರಾಣ ಹೋಯಿತು, ನೋವು ಗೊತ್ತಾಗಲಿಲ್ಲ. ಎಷ್ಟೋ ಸಲ ಅದು ಸುಳ್ಳು. ಮನೆಯವರ ಮೇಲಿನ ಕರುಣೆಗೆ ಬರೆದ ಸುಳ್ಳು. ಇದು ಅಧಿಕಾರಿಗಳಿಗೆಲ್ಲ ಗೊತ್ತಿದ್ದ ವಿಷಯ.

ಹಾಗಿದ್ದ ಮೇಲೆ ಅದೇ ಸಾಲು ಇಲ್ಲಿ ಯಾಕೆ ಕೆಲಸ ಮಾಡಿತು? ಈ ಪ್ರಕರಣದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಒಂದು, ಇಲ್ಲಿ ಅದು ನಿಜ. ಅದಕ್ಕೆ ಸಾಕ್ಷಿ ಅವನ ಕಣ್ಣೆದುರೇ ಇತ್ತು. ಯಾವ ದೃಶ್ಯ ಅವನನ್ನು ರಾತ್ರಿಯಿಡೀ ಹಿಂಸೆ ಮಾಡುತ್ತಿತ್ತೋ ಆ ದೃಶ್ಯವೇ ಸಾಕ್ಷಿ. ತಲೆ, ಕೈಕಾಲು ಬೇರೆಯಾಗಿದ್ದವು ಅಂತಲೇ ನರಳಲಿಲ್ಲ ಅಂತ ಗೊತ್ತಾಗುವುದು. ಅಂದರೆ ಆ ಸಮಾಧಾನ ಬೇಕಾದರೆ ಅವನು ಆ ದೃಶ್ಯವನ್ನು ನೋಡಲೇಬೇಕು. ಮುಖ ತಿರುಗಿಸಿದರೆ ಸಮಾಧಾನವೂ ಹೋಯಿತು.

ಇನ್ನೊಂದು, ಅದನ್ನು ಯಾವಾಗ ಹೇಳಿದರು ಅನ್ನುವುದು. ನಾವು 'ನರಳಲಿಲ್ಲವಲ್ಲ' ಅನ್ನುವುದು ಸಾಮಾನ್ಯವಾಗಿ ಮಾತು ಮುಗಿಸೋಕೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುವ ಮಾತು ಅದು. ರಿವರ್ಸ್ ಹೇಳಿದ್ದು ಪೂರ್ತಿ ಕೇಳಿದ ಮೇಲೆ. ತಲೆ ಎಲ್ಲಿತ್ತು, ಮುಂಡ ಎಲ್ಲಿತ್ತು, ಕನಸಿನಲ್ಲಿ ಮುಖ ಹೇಗಿರುತ್ತದೆ, ಇದೆಲ್ಲ ಬಾಯಿಬಿಟ್ಟು ಹೇಳಿ ಆದ ಮೇಲೆ. ಆ ವಿವರ ಕೇಳಿರದಿದ್ದರೆ ಆ ಮಾತು ಅವರಿಗೆ ಹೊಳೆಯುತ್ತಲೂ ಇರಲಿಲ್ಲ.

ಬೆಲ್ಟು

ಆಮೇಲೆ ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಬರೀ ನಿದ್ದೆ.

ಒಂದು ರಾತ್ರಿ ಮತ್ತೆ ಕನಸು ಬಿತ್ತು. ಗೆಳೆಯನನ್ನು ಹುಡುಕಿಕೊಂಡು ಆ ನೆಲಕ್ಕೆ ಹೋಗಿದ್ದಾನೆ. ದೇಹ ಹಾಗೇ ಬಿದ್ದಿದೆ, ಅದೇ ಸ್ಥಿತಿ. ಏನೂ ಕಡಿಮೆಯಾಗಿಲ್ಲ, ಏನೂ ಚಂದವಾಗಿಲ್ಲ. ಆದರೆ ಈ ಸಲ ಭಯ ಇಲ್ಲ. ಪಕ್ಕದಲ್ಲಿ ಮೊಣಕಾಲೂರಿ ಕೂರುತ್ತಾನೆ. ಮನೆಯವರಿಗೆ ಕಳಿಸಲು ಬೆಲೆಬಾಳುವ ವಸ್ತು ಏನಾದರೂ ಇದ್ದರೆ ತೆಗೆದಿಡಬೇಕು. ಗೆಳೆಯನ ಬೆಲ್ಟನ್ನು ಬಿಚ್ಚುತ್ತಾನೆ. ಬಿಚ್ಚುತ್ತಿದ್ದ ಹಾಗೇ ಎಚ್ಚರವಾಗುತ್ತದೆ. ಬೆವರಿಲ್ಲ, ಗಾಬರಿಯಿಲ್ಲ. ಮೆಲ್ಲಗೆ ಅಳುತ್ತಿದ್ದಾನೆ. ಗೆಳೆಯ ಹೋದನಲ್ಲ ಅನ್ನೋ ದುಃಖ, ಅಷ್ಟೇ.

ಅದು ಸ್ಯಾಮ್ ಬ್ರೌನ್ ಬೆಲ್ಟು ಅಂತ ರಿವರ್ಸ್ ಬರೆದಿದ್ದಾರೆ. ಅಧಿಕಾರಿಗಳು ಕಟ್ಟಿಕೊಳ್ಳುವ ಚರ್ಮದ ಬೆಲ್ಟು. ಸೊಂಟಕ್ಕೆ ಅಗಲವಾದ ಒಂದು ಪಟ್ಟಿ, ಬಲ ಭುಜದ ಮೇಲಿಂದ ಎದೆಗೆ ಅಡ್ಡವಾಗಿ ಸಣ್ಣ ಇನ್ನೊಂದು ಪಟ್ಟಿ. ನಮ್ಮಲ್ಲೂ ಪರೇಡಿನ ದಿನ ಪೊಲೀಸ್ ಅಧಿಕಾರಿಗಳ ಮೈಮೇಲೆ ನೋಡಿರುತ್ತೀರಿ, ಕ್ರಾಸ್ ಬೆಲ್ಟ್ ಅನ್ನುತ್ತಾರೆ. ಸ್ಯಾಮ್ ಬ್ರೌನ್ ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ. 1858ರಲ್ಲಿ ಇಲ್ಲಿನ ಕಾಳಗವೊಂದರಲ್ಲಿ ಎಡಗೈ ಕಳೆದುಕೊಂಡ. ಒಂದೇ ಕೈಯಲ್ಲಿ ಕತ್ತಿ ಹಿರಿಯಲು ಅನುಕೂಲವಾಗಲಿ ಅಂತ ಈ ಅಡ್ಡಪಟ್ಟಿಯ ಬೆಲ್ಟು ಬಂದದ್ದು. ಕೈ ಕಳೆದುಕೊಂಡವನ ಹೆಸರಿನ ಬೆಲ್ಟು.

ಸತ್ತವನ ಮೈಮೇಲಿಂದ ಅದನ್ನು ತೆಗೆಯುವುದನ್ನು ಸ್ವಲ್ಪ ಊಹಿಸಿ. ಮೊದಲು ಭುಜದ ಪಟ್ಟಿಯ ಬಕಲು. ಆಮೇಲೆ ಸೊಂಟದ್ದು. ಚರ್ಮ ಒದ್ದೆಯಾಗಿದ್ದರೆ ಬಿಗಿದುಕೊಂಡಿರುತ್ತದೆ. ದೇಹವನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿಯಬೇಕು. ಮುಟ್ಟದೆ ಆಗುವ ಕೆಲಸ ಅಲ್ಲ.

ಇದು ಕನಸಿನ ಕಲ್ಪನೆಯಲ್ಲ. ಆ ದಿನ ನಿಜವಾಗಿಯೂ ಅವನು ಇದನ್ನು ಮಾಡಿದ್ದ. ಗೆಳೆಯನ ವಸ್ತುಗಳನ್ನು ಮನೆಯವರಿಗೋಸ್ಕರ ಎತ್ತಿಟ್ಟಿದ್ದ. ಇಷ್ಟು ದಿನ ಬೀಳುತ್ತಿದ್ದ ಕನಸಿನಲ್ಲಿ ಆ ಭಾಗವೇ ಇರಲಿಲ್ಲ. ಗೆಳೆಯ ಹತ್ತಿರ ಬರುತ್ತಿದ್ದ, ಇವನು ಬೆವರಿ ಎಚ್ಚರಗೊಳ್ಳುತ್ತಿದ್ದ, ಅಷ್ಟೇ. ತಾನು ಗೆಳೆಯನ ಪಕ್ಕ ಕೂತು ಅವನಿಗೆ ಮಾಡಬೇಕಾದ ಕೊನೆಯ ಕೆಲಸ ಮಾಡಿದ್ದೆ ಅನ್ನುವುದನ್ನೇ ಭಯ ನುಂಗಿಹಾಕಿತ್ತು. ಮಣ್ಣು ಮಾಡುವ ಮೊದಲು ಮೈಮೇಲಿನ ಒಡವೆ, ವಾಚು, ಉಂಗುರ ತೆಗೆದು ಮನೆಯವರ ಕೈಗೆ ಕೊಡುತ್ತಾರಲ್ಲ, ಆ ಕೆಲಸ ಮಾಡಿದವರಿಗೆ ಗೊತ್ತು ಅದು ಎಂಥ ಕೆಲಸ ಅಂತ.

ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರೆ. ಇಲ್ಲಿ ಆದದ್ದನ್ನು ಹಾಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ಅಲ್ಲಿವರೆಗೆ ದುಃಖಪಡುವುದಕ್ಕೇ ಆಗಿರಲಿಲ್ಲ ಅನ್ನಿಸುತ್ತದೆ ನನಗೆ. ಗೆಳೆಯ ಕನಸಿಗೆ ಬಂದಾಗ ಅಳುತ್ತಿರಲಿಲ್ಲ, ಬೆವರುತ್ತಿದ್ದ. ಆ ರಾತ್ರಿ ಅತ್ತ. ಭಾರ ಇಳಿಯಿತು ಅನ್ನುವುದಕ್ಕಿಂತ, ಅವನು ಹೊರಬೇಕಾಗಿದ್ದ ಭಾರ ಕೊನೆಗೂ ಅವನ ಕೈಗೆ ಬಂತು.

ಇನ್ನೂ ಕೆಲವು ರಾತ್ರಿ ಕಳೆದ ಮೇಲೆ ಮತ್ತೊಂದು ಕನಸು. ಗೆಳೆಯ ಬಂದಿದ್ದಾನೆ. ಗಾಯಗಳು ಹಾಗೇ ಇವೆ. ಇಬ್ಬರೂ ಕೂತು ಮಾತಾಡುತ್ತಾರೆ. ಇವನು ತನ್ನ ಕಾಯಿಲೆಯ ಕಥೆಯನ್ನೆಲ್ಲ ಗೆಳೆಯನಿಗೆ ಹೇಳುತ್ತಾನೆ. ಈಗ ನಿನ್ನ ಜೊತೆ ಭಯವಿಲ್ಲದೆ ಮಾತಾಡಲು ಆಗುತ್ತಿದೆ ಅಂತಲೂ ಹೇಳುತ್ತಾನೆ.

ಯುದ್ಧದ ಕಥೆ ಅಂದರೆ ಮನೆಗೆ ಬಂದವರು ಉಳಿದವರಿಗೆ ಹೇಳುವುದು ಅಂತ ನಾವು ತಿಳಿದಿದ್ದೇವೆ. ಈ ಮನುಷ್ಯನಿಗೆ ಕಥೆ ಹೇಳಬೇಕಾಗಿದ್ದದ್ದು ಸತ್ತವನಿಗೆ. ನೀನು ಹೋದ ಮೇಲೆ ನನಗೆ ಹೀಗಾಯ್ತು, ನಿನ್ನನ್ನು ಕಂಡರೇ ಹೆದರುತ್ತಿದ್ದೆ ಕಣೋ ಅಂತ. ಜೀವದ ಗೆಳೆಯನನ್ನೇ ಕಂಡು ಹೆದರಬೇಕಾಗಿ ಬಂದದ್ದಕ್ಕಿಂತ ದೊಡ್ಡ ನೋವು ಅವನಿಗೆ ಬೇರೆ ಇತ್ತೋ ಇಲ್ಲವೋ.

ಆಗದೇ ಹೋದ ಕಡೆ

ಇದನ್ನು ಓದಿ, ಎಲ್ಲರನ್ನೂ ಕೂರಿಸಿ ಕಥೆ ಹೇಳಿಸಿದರೆ ಆಯ್ತು ಅಂತ ಅಂದುಕೊಳ್ಳಬಾರದು. ರಿವರ್ಸ್ ತಾವೇ ಅದಕ್ಕೆ ಬಿಟ್ಟಿಲ್ಲ. ಈ ಪ್ರಕರಣದ ಬೆನ್ನಿಗೇ ಇನ್ನೊಂದನ್ನು ಇಟ್ಟಿದ್ದಾರೆ. ಇನ್ನೊಬ್ಬ ಅಧಿಕಾರಿ ಶೆಲ್ ಸಿಡಿತಕ್ಕೆ ಎಗರಿ, ದಿನಗಳ ಹಿಂದೆ ಸತ್ತು ಊದಿಕೊಂಡಿದ್ದ ಜರ್ಮನ್ ಸೈನಿಕನ ಹೊಟ್ಟೆಯ ಮೇಲೆ ಮುಖ ಕೆಳಗಾಗಿ ಬಿದ್ದ. ಹೊಟ್ಟೆ ಒಡೆಯಿತು. ಬಾಯೊಳಗೆ ಹೋದದ್ದು ಏನು ಅಂತ ಎಚ್ಚರ ತಪ್ಪುವ ಮೊದಲೇ ಅವನಿಗೆ ಗೊತ್ತಾಗಿತ್ತು. ಆ ರುಚಿ, ಆ ವಾಸನೆ ತಿಂಗಳುಗಟ್ಟಲೆ ಬಿಡಲಿಲ್ಲ.

ಈ ನೆನಪಿನಲ್ಲಿ ಕೈ ಊರುವ ಜಾಗ ರಿವರ್ಸ್‌ಗೆ ಸಿಗಲಿಲ್ಲ. ಹುಡುಕಿದರು, ಇಲ್ಲ. ಇದ್ದಿದ್ದರೆ ಹೇಳುತ್ತಿದ್ದರು. ಇಲ್ಲದ್ದನ್ನು ಕಟ್ಟಿ ಹೇಳಲಿಲ್ಲ. ಯುದ್ಧದ ಸುಳಿವೇ ಇಲ್ಲದ ಹಳ್ಳಿಗಾಡಿಗೆ ಹೋದಾಗ ಮಾತ್ರ ಅವನಿಗೆ ಸ್ವಲ್ಪ ಆರಾಮ ಸಿಗುತ್ತಿತ್ತು. ಹಾಗಾಗಿ ಸೇನೆ ಬಿಟ್ಟು ಅಂಥ ಕಡೆಗೇ ಹೋಗಲಿ ಅಂತ ತೀರ್ಮಾನವಾಯಿತು. ಅದೇ ಲೇಖನದಲ್ಲಿ, ಅದೇ ವೈದ್ಯರು, ಇವನಿಗೆ ಆ ನೆನಪಿನಿಂದ ದೂರ ಇರುವ ದಾರಿಯನ್ನೇ ಒಪ್ಪಿದರು. ಇದಕ್ಕಾಗಿ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ. ಹಗಲೂ ರಾತ್ರಿ ಯುದ್ಧವನ್ನೇ ಮೆಲುಕು ಹಾಕುತ್ತಾ ಕೂರುವುದೂ ಒಳ್ಳೆಯದಲ್ಲ ಅಂತ ಅವರು ತಮ್ಮ ರೋಗಿಗಳಿಗೆ ಹೇಳುತ್ತಿದ್ದರು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳಿಗೆ ಮಾತ್ರ. ಅಲ್ಲಿ ಕೂತು ಕೇಳುವವರಿದ್ದರು. ಅದೇ ಹೊತ್ತಿನಲ್ಲಿ ಮಾತು ನಿಂತುಹೋದ ಸಾಮಾನ್ಯ ಸಿಪಾಯಿಗಳಿಗೆ ಲಂಡನ್ನಿನಲ್ಲಿ ಗಂಟಲಿಗೆ ಕರೆಂಟು ಕೊಟ್ಟು ಮಾತು ಬರಿಸುತ್ತಿದ್ದರು. ಮತ್ತೆ, ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ ವಾಸಿ ಮಾಡುತ್ತಿದ್ದದ್ದಾದರೂ ಯಾಕೆ? ಯುದ್ಧಕ್ಕೆ ವಾಪಸ್ ಕಳಿಸಲು. ಸಸೂನ್ ವಾಪಸ್ ಹೋದ. ಓವನ್ ವಾಪಸ್ ಹೋಗಿ 1918ರ ನವೆಂಬರ್ 4ರಂದು ಸತ್ತ. ಯುದ್ಧ ನಿಂತದ್ದು ಅದಾದ ಒಂದು ವಾರಕ್ಕೆ.

ನಮ್ಮವರ ಕಥೆ? ಆ ಯುದ್ಧಕ್ಕೆ ಇಲ್ಲಿಂದ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಮುದ್ರ ದಾಟಿ ಹೋಗಿದ್ದರು. ಅವರ ಕನಸು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಅವರ ಮಾತು ಸ್ವಲ್ಪವಾದರೂ ಉಳಿದಿದ್ದರೆ ಅದು ಹೆಚ್ಚಾಗಿ ಸೆನ್ಸಾರ್ ಕಚೇರಿಯವರು ಒಡೆದು ಓದಿ, ಇಂಗ್ಲಿಷಿಗೆ ಇಳಿಸಿಟ್ಟ ಪತ್ರಗಳಿಂದ. 1915ರ ಜನವರಿಯಲ್ಲಿ ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಯಲ್ಲಿದ್ದ ಪಂಜಾಬಿನ ಒಬ್ಬ ರಜಪೂತ ಸಿಪಾಯಿ ಊರಿನ ನಂಟರಿಗೆ ಬರೆದ: ಇದು ಯುದ್ಧವಲ್ಲ, ಲೋಕದ ಕೊನೆ, ನಮ್ಮ ಹಿರಿಯರ ಮಹಾಭಾರತದ ಕಥೆಯಲ್ಲಿ ಬರುತ್ತದಲ್ಲ, ಅಂಥ ಯುದ್ಧ. ಅವನಿಗೆ ಕೈ ಊರಲು ಸಿಕ್ಕ ಜಾಗ ಅದು. ಮನೆಯಲ್ಲಿ ಕೇಳಿದ ಹಳೆಯ ಕಥೆ.

ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದರು. ಬೆಂಗಳೂರಿನಲ್ಲಿ ಅವರ ಸ್ಮಾರಕ ಇದೆ. ಕುದುರೆ ಮೇಲೆ ಹೋಗಿ ಫಿರಂಗಿಗಳನ್ನು ಹಿಡಿದ ಕಥೆಯನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಗೆಲುವಿನ ಮಾರನೇ ದಿನ ಸತ್ತ ಜೊತೆಗಾರನ ಮೈಮೇಲಿಂದ ಏನೇನು ತೆಗೆದಿಟ್ಟರು, ವಾಪಸ್ ಬಂದವರು ಅವನ ಮನೆಗೆ ಹೋಗಿ ಏನು ಹೇಳಿದರು, ಆ ಕಥೆಗಳನ್ನೂ ಯಾರಾದರೂ ಕೂತು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಕೊನೆಯ ವರದಿ

ನಮ್ಮ ಅಧಿಕಾರಿ ಆಸ್ಪತ್ರೆಯಲ್ಲಿದ್ದ ಉಳಿದ ದಿನಗಳಲ್ಲಿ ಒಂದೇ ಒಂದು ಸಲ ಗೆಳೆಯನ ಕನಸಿನಲ್ಲಿ ಹಳೆಯ ಭಯ ಮರಳಿತು. ಆಸ್ಪತ್ರೆಯಿಂದ ಹೊರಟ ಹೊಸತರಲ್ಲಿ, ಮೊದಲ ಕೆಲವು ದಿನ, ಮತ್ತೆ ಒಂದೆರಡು ಸಲ ಆ ಕನಸು ಬಿತ್ತು. ಹಿಂದಿನಷ್ಟಲ್ಲದಿದ್ದರೂ ಭಯ ಇತ್ತು. ಇದನ್ನು ರಿವರ್ಸ್ ಮುಚ್ಚಿಡದೆ ಬರೆದಿದ್ದಾರೆ. ಆಮೇಲೆ ಅವನಿಂದ ಒಂದು ವರದಿ ಬಂತು. ಒಂದೇ ಒಂದು ಕೆಟ್ಟ ಕನಸು ಬಿದ್ದಿತ್ತಂತೆ. ಅದು ಗೆಳೆಯನ ಕನಸಲ್ಲ, ಬೇರೆ ಏನೋ.